ಜಿರಲೆ ಎಂದ ರೇಡಿಯೊ

1993ರ ಜುಲೈ ತಿಂಗಳಲ್ಲಿ ಆಫ್ರಿಕಾದ ಪುಟ್ಟ ದೇಶ ರುವಾಂಡಾದಲ್ಲಿ ಹೊಸದೊಂದು ಖಾಸಗಿ ರೇಡಿಯೊ ಕೇಂದ್ರ ಶುರುವಾಯಿತು. ಹೆಸರು ಆರ್‌ಟಿಎಲ್‌ಎಂ. ಸರ್ಕಾರಿ ರೇಡಿಯೊದ ಬಿಗುಮುಖದ ವಾರ್ತೆ ಕೇಳಿ ಬೇಸತ್ತಿದ್ದ ಯುವಕರಿಗೆ ಅದು ಹಬ್ಬದೂಟವಾಯಿತು. ಒಳ್ಳೊಳ್ಳೆಯ ಹಾಡು, ನಗೆಚಾಟಿಕೆ, ಬೀದಿಯ ಗಾಳಿಸುದ್ದಿ. ನಿರೂಪಕರು ಪಕ್ಕದ ಮನೆಯವರ ಹಾಗೆ ಹರಟುತ್ತಿದ್ದರು. ದ್ವೇಷ ಯಾವಾಗಲೂ ಹಲ್ಲು ಕಡಿಯುತ್ತಲೇ ಬರುತ್ತದೆಂದು ತಿಳಿಯಬೇಕಿಲ್ಲ. ಅಲ್ಲಿ ಅದು ಹಾಡುಗಳ ನಡುವೆ ನಗುನಗುತ್ತಾ ಬಂತು.

ರುವಾಂಡಾದಲ್ಲಿ ಬಹುಸಂಖ್ಯಾತರು ಹುಟುಗಳು, ಅಲ್ಪಸಂಖ್ಯಾತರು ಟುಟ್ಸಿಗಳು. ಇಬ್ಬರ ಭಾಷೆಯೂ ಒಂದೇ, ಊರೂ ಒಂದೇ. ಕೊಟ್ಟು ತಂದ ಸಂಬಂಧಗಳೂ ಇದ್ದವು. ಯಾರು ಯಾವ ಪಂಗಡ ಎಂದು ಗುರುತಿನ ಚೀಟಿಯಲ್ಲಿ ಬರೆಯುವ ಪದ್ಧತಿ ತಂದವರು, 1930ರ ದಶಕದಲ್ಲಿ ಅಲ್ಲಿ ಆಳುತ್ತಿದ್ದ ಬೆಲ್ಜಿಯನ್ನರು. 1962ರಲ್ಲಿ ಸ್ವಾತಂತ್ರ್ಯ ಬಂದರೂ ಚೀಟಿ ಉಳಿಯಿತು. 1990ರಲ್ಲಿ ಟುಟ್ಸಿ ನಿರಾಶ್ರಿತರ ಸೇನೆ ಉಗಾಂಡಾದಿಂದ ಒಳನುಗ್ಗಿ ಯುದ್ಧ ಆರಂಭವಾದಾಗ 'ಕಂಗೂರ' ಎಂಬ ಪತ್ರಿಕೆ 'ಹುಟುಗಳ ಹತ್ತು ಆಜ್ಞೆ'ಗಳನ್ನು ಅಚ್ಚು ಹಾಕಿತು. ಟುಟ್ಸಿ ಹೆಣ್ಣನ್ನು ಮದುವೆಯಾದವನು, ಟುಟ್ಸಿಯೊಡನೆ ಪಾಲುದಾರಿಕೆ ಮಾಡಿದವನು ದ್ರೋಹಿ ಎಂದಿತು.

ರೇಡಿಯೊ ಇನ್ನೂ ಮುಂದೆ ಹೋಯಿತು. 'ಇನ್ಯೆಂಜಿ' ಎಂದರೆ ಆ ಭಾಷೆಯಲ್ಲಿ ಜಿರಲೆ. 1960ರ ದಶಕದಲ್ಲಿ ಗಡಿಯಾಚೆಯಿಂದ ದಾಳಿ ಮಾಡುತ್ತಿದ್ದ ಬಂಡುಕೋರರಿಗೆ ಅಂಟಿದ್ದ ಹೆಸರದು. ಅದನ್ನು ಆರ್‌ಟಿಎಲ್‌ಎಂ ಹೊಲದಲ್ಲಿ ಉಳುವ ರೈತನಿಗೂ, ಶಾಲೆಯ ಮೇಷ್ಟರಿಗೂ ಅಂಟಿಸಿತು. ಕೊಲ್ಲುವುದಕ್ಕೂ ಒಂದು ಸಭ್ಯ ಮಾತಿತ್ತು: 'ಕೆಲಸ'. ಮನುಷ್ಯನನ್ನು ಕೊಲ್ಲಲು ಕೈ ನಡುಗುತ್ತದೆ. ಜಿರಲೆಗೆ ಯಾರು ಅಳುತ್ತಾರೆ?

1994ರ ಏಪ್ರಿಲ್ 6ರಂದು ರಾಷ್ಟ್ರಾಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಹತ್ಯಾಕಾಂಡ. ರೇಡಿಯೊ ಹೆಸರು, ವಿಳಾಸ, ಕಾರಿನ ನಂಬರನ್ನೂ ಓದಿ ಹೇಳುತ್ತಿತ್ತು. ರಸ್ತೆ ತಡೆಗಳಲ್ಲಿ ಗುರುತಿನ ಚೀಟಿ ಕೇಳಿ, ಮಚ್ಚು ಬೀಸುತ್ತಿದ್ದರು. ಸುಮಾರು ನೂರು ದಿನಗಳಲ್ಲಿ ಸತ್ತವರು ಎಂಟು ಲಕ್ಷ ಎಂದು ವಿಶ್ವಸಂಸ್ಥೆಯ ಅಂದಾಜು.

ಕಾಲೇಜು ಮೆಟ್ಟಿಲು ಹತ್ತಿದರೆ ಮಗನ ಬುದ್ಧಿ ತಿಳಿಯಾಗುತ್ತದೆ ಎಂದು ನಂಬುವ ತಂದೆತಾಯಿಗಳು ಇಲ್ಲಿ ತುಸು ನಿಲ್ಲಬೇಕು. ಆ ರೇಡಿಯೊದ ಸ್ಥಾಪಕರಲ್ಲಿ ಪ್ರಮುಖನಾದ ಫರ್ಡಿನಾಂಡ್ ನಹಿಮಾನಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ! ತಾಂಜಾನಿಯಾದ ಅರುಷಾದಲ್ಲಿ ಕುಳಿತ ವಿಶ್ವಸಂಸ್ಥೆಯ ನ್ಯಾಯಮಂಡಳಿ 2003ರ ಡಿಸೆಂಬರ್‌ನಲ್ಲಿ ಆತನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪೀಠದ ಅಧ್ಯಕ್ಷೆ ದಕ್ಷಿಣ ಆಫ್ರಿಕಾದ, ತಮಿಳು ಮೂಲದ ನವನೀತಮ್ ಪಿಳ್ಳೈ. ಬಂದೂಕು, ಮಚ್ಚು ಯಾವುದನ್ನೂ ಮುಟ್ಟದೆ ಸಾವಿರಾರು ಜನರ ಸಾವಿಗೆ ಈತ ಕಾರಣನಾದ ಎಂಬುದು ತೀರ್ಪಿನ ಸಾರ. 2007ರಲ್ಲಿ ಮೇಲ್ಮನವಿ ಪೀಠ ಏಪ್ರಿಲ್ 6ರ ನಂತರದ ಪ್ರಸಾರಗಳಿಗೆ ಮಾತ್ರ ಆತನನ್ನು ಹೊಣೆ ಮಾಡಿ, ಶಿಕ್ಷೆಯನ್ನು 30 ವರ್ಷಕ್ಕೆ ಇಳಿಸಿತು. ಮೊದಲಿನ ಮಾತುಗಳು ಬರೀ ಮಾತೇ, ಅಪರಾಧವೇ ಎಂಬ ಚರ್ಚೆ ಕಾನೂನು ಬಲ್ಲವರಲ್ಲಿ ಮುಗಿದಿಲ್ಲ.

ಇನ್ನೊಂದು ಮಾತೂ ಇದೆ. ಸ್ಕಾಟ್ ಸ್ಟ್ರಾಸ್ ಎಂಬ ಸಂಶೋಧಕರು ಜೈಲುಗಳಿಗೆ ಹೋಗಿ, ತಪ್ಪೊಪ್ಪಿಕೊಂಡ 200ಕ್ಕೂ ಹೆಚ್ಚು ಕೈದಿಗಳನ್ನು ಮಾತನಾಡಿಸಿದರು. ರೇಡಿಯೊ ಕೇಳಿ ಹೊರಟೆವು ಎಂದವರು ಕಡಿಮೆ. ಊರಿನವರೇ ಮನೆಗೆ ಬಂದು ಕರೆದರು ಎಂದವರೇ ಹೆಚ್ಚು.

ಇಂದಿನ ರುವಾಂಡಾದ ಗುರುತಿನ ಚೀಟಿಯಲ್ಲಿ ಪಂಗಡದ ಕಾಲಂ ಇಲ್ಲ.