ಚಿತ್ರವಿಲ್ಲದ ಶಾಸನ, ಅಂಚು ಕಳೆದ ಓಲೆ

ಶಾಸನವೊಂದರ ಪಾಠವನ್ನು ಪರಿಷ್ಕರಿಸಿ, ಪಡಿಯಚ್ಚಿನ ಛಾಯಾಚಿತ್ರದೊಡನೆ ಜಾಲತಾಣದಲ್ಲಿ ಪ್ರಕಟಿಸುವ ವಿದ್ವಾಂಸರು ಇಂದು ಅಲ್ಲಿಗೇ ನಿಲ್ಲುವುದಿಲ್ಲ. ಲೇಖನವು ತಾನಾಗಿಯೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್‌ಗಳಿಗೆ ಹಂಚಿಕೆಯಾಗುವಂತೆ ಏರ್ಪಾಡು ಮಾಡಿರುತ್ತಾರೆ. ಮರುದಿನ ನೋಡಿದರೆ ಒಂದೆಡೆ ಶೀರ್ಷಿಕೆಯಿದೆ, ಚಿತ್ರವಿಲ್ಲ; ಇನ್ನೊಂದೆಡೆ ಹಂಚಿಕೆಯೇ ಆಗಿಲ್ಲ; ಮತ್ತೊಂದೆಡೆ ಶಾಸನವಿರಬೇಕಾದಲ್ಲಿ ತಾಣದ ಲಾಂಛನ ಕುಳಿತಿದೆ. ಇದನ್ನು ಯಂತ್ರದ ಕಿರುಕುಳವೆಂದು ತಳ್ಳಿಹಾಕುವವರೇ ಹೆಚ್ಚು. ವಾಸ್ತವವಾಗಿ ಇದು ಗ್ರಂಥಸಂಪಾದನೆಗೆ ತೀರ ಹತ್ತಿರದ ವಿಷಯ. ಪ್ರತಿ ಮಾಡುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದೇ ಇಲ್ಲಿಯೂ ಪ್ರಶ್ನೆ.

ತೊಡಕಿನ ಮೂಲ ಬಹುಮಟ್ಟಿಗೆ ಚಿತ್ರದ ಸ್ವರೂಪದಲ್ಲಿದೆ. ಜೆಪೆಗ್ 1992ರಷ್ಟು ಹಳೆಯದು. ಎಲ್ಲ ಯಂತ್ರಗಳೂ ಅದನ್ನು ಬಲ್ಲವು. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ಕಡಮೆ ಗಾತ್ರದ್ದು, ಪುಟ ಬೇಗ ತೆರೆದುಕೊಳ್ಳಲು ನೆರವಾಗುವಂಥದ್ದು. 2021ರಲ್ಲಿ ವರ್ಡ್‌ಪ್ರೆಸ್‌ನ 5.8ನೆಯ ಆವೃತ್ತಿ ಅದನ್ನು ಅಂಗೀಕರಿಸಿದ ಮೇಲೆ ತಾಣದ ಚಿತ್ರಗಳನ್ನೆಲ್ಲ ವೆಬ್‌ಪಿಗೆ ಪರಿವರ್ತಿಸುವ ಉಪಕರಣಗಳ ಬಳಕೆ ಸಾಮಾನ್ಯವಾಯಿತು. ಆದರೆ ಇನ್‌ಸ್ಟಾಗ್ರಾಂನ ಸ್ವಯಂಚಾಲಿತ ಪ್ರಕಟಣೆಯ ದ್ವಾರ ಒಪ್ಪುವುದು ಜೆಪೆಗ್ ಒಂದನ್ನೇ. ವೆಬ್‌ಪಿ ಬಂದರೆ ಬಾಗಿಲು ಮುಚ್ಚುತ್ತದೆ.

ಇಲ್ಲಿ ಅನೇಕರು ಕೈಗೊಳ್ಳುವ ಉಪಾಯವೆಂದರೆ ಕಡತದ ಹೆಸರಿನ ಕೊನೆಯನ್ನು ತಿದ್ದಿ ಜೆಪಿಜಿ ಎಂದು ಬರೆಯುವುದು. ಇದು ನಿಷ್ಫಲ. ಓಲೆಗರಿಯ ಕಟ್ಟಿನ ಮೇಲಿನ ಚೀಟಿಯಲ್ಲಿ ಒಂದು ಕಾವ್ಯದ ಹೆಸರಿದ್ದು ಒಳಗೆ ವೈದ್ಯಗ್ರಂಥವಿರುವುದನ್ನು ಹಸ್ತಪ್ರತಿ ಭಂಡಾರಗಳಲ್ಲಿ ಕೆಲಸ ಮಾಡಿದವರು ಬಲ್ಲರು. ಚೀಟಿ ಬದಲಿಸಿದರೆ ಗರಿ ಬದಲಾಗದು. ಯಂತ್ರವು ಕಡತದ ಮೊದಲ ಕೆಲವು ಬೈಟುಗಳನ್ನು ಓದಿ ನಿಜಸ್ವರೂಪವನ್ನು ಅರಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಸಂಗವಿದೆ. ಕೆಲವು ಸರ್ವರುಗಳು ಒಂದೇ ವಿಳಾಸದಿಂದ ಬ್ರೌಸರಿನ ಯೋಗ್ಯತೆ ನೋಡಿ ಒಬ್ಬರಿಗೆ ಜೆಪೆಗ್, ಒಬ್ಬರಿಗೆ ವೆಬ್‌ಪಿ ಬಡಿಸುತ್ತವೆ. ನಡುವಿನ ಸಂಗ್ರಹಸ್ಮೃತಿ ಈ ಭೇದವನ್ನು ಮರೆತಾಗ, ಜೆಪೆಗ್ ಕೇಳಿದ ಯಂತ್ರಕ್ಕೂ ವೆಬ್‌ಪಿಯೇ ದೊರೆಯುತ್ತದೆ. ತಾಣದ ಒಡೆಯರ ಕಣ್ಣಿಗಂತೂ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಆದ್ದರಿಂದ ಹಂಚಿಕೆಗೆಂದೇ ಪ್ರತ್ಯೇಕವಾದ ಒಂದು ಜೆಪೆಗ್ ಪ್ರತಿಯನ್ನು ಸಿದ್ಧಪಡಿಸಿ, ಪರಿವರ್ತಕ ಉಪಕರಣದಿಂದ ಅದಕ್ಕೆ ವಿನಾಯಿತಿ ಕೊಟ್ಟು, ಪುಟದ ತಲೆಭಾಗದ ಓಜಿ:ಇಮೇಜ್ ಎಂಬ ಉಲ್ಲೇಖದಲ್ಲಿ ಅದರ ಪೂರ್ಣ ವಿಳಾಸವನ್ನೇ ಬರೆಯುವುದು ಯೋಗ್ಯ. ಎಲ್ಲವನ್ನೂ ಉಪಕರಣಕ್ಕೆ ಬಿಟ್ಟುಬಿಡುವುದು ತಿಂಡಿತಿನಿಸಿನ ಚಿತ್ರಗಳಿಗೆ ಸರಿಹೋದೀತು. ಅಕ್ಷರವೇ ಆಧಾರವಾಗಿರುವ ಚಿತ್ರಗಳಿಗೆ ಸಲ್ಲದು.

ಏಕೆಂದರೆ ಜೆಪೆಗ್ ಕೂಡ ನಿರ್ದೋಷಿಯಲ್ಲ. ಅದು ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಸಂಕೋಚನ ಹೆಚ್ಚಿದಂತೆ ಅಕ್ಷರದ ಅಂಚಿನ ಸುತ್ತ ಧೂಳಿನಂಥ ಕಲೆಗಳೇಳುತ್ತವೆ. ದ, ಧಗಳ ಅಂತರವೂ ಪ, ಫಗಳ ಅಂತರವೂ ಒಂದು ಕಿರುಗೀಟಿನಷ್ಟು. ಅನುಸ್ವಾರವಂತೂ ಒಂದು ಬಿಂದು. ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಒರಟಾಗಿ ಉಳಿಸುವುದು ಇಂಥ ಸಂಕೋಚನದ ಸಾಮಾನ್ಯ ರೂಢಿಯಾದ್ದರಿಂದ ಕಾಗದದ ಹಸ್ತಪ್ರತಿಗಳ ಕೆಂಪು ಮಸಿಯ ಬರೆಹವೇ ಮೊದಲು ಮಸುಕಾಗುತ್ತದೆ. ಮೂಲ ಛಾಯಾಚಿತ್ರವನ್ನು ಟಿಫ್‌ನಂಥ ನಷ್ಟರಹಿತ ಸ್ವರೂಪದಲ್ಲಿ ಕಾಪಿಟ್ಟು, ಪ್ರತಿ ಸಲವೂ ಅದರಿಂದಲೇ ಹೊಸ ಪ್ರತಿ ತೆಗೆಯಬೇಕೇ ಹೊರತು ಜೆಪೆಗ್‌ನಿಂದ ಜೆಪೆಗ್ ತೆಗೆಯುತ್ತ ಹೋಗಬಾರದು. ಪ್ರತಿಯ ಪ್ರತಿಯಲ್ಲಿ ಸ್ಖಾಲಿತ್ಯಗಳು ಹೇಗೆ ಬೆಳೆಯುತ್ತವೆಂಬುದನ್ನು ಪಾಠಾಂತರಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಆಕಾರದ ತೊಡಕು ಇನ್ನೂ ಕ್ರೂರ. ಹಂಚಿಕೆಯ ಚಿತ್ರಕ್ಕೆ ಫೇಸ್‌ಬುಕ್ ಸೂಚಿಸುವ ಅಳತೆ 1200×630 ಬಿಂದುಗಳು. ನಿಡಿದಾದ ಶಾಸನಕಲ್ಲನ್ನು ಈ ಚೌಕಟ್ಟಿಗೆ ಕತ್ತರಿಸಿದಾಗ ಮೇಲಿನ ಸೂರ್ಯಚಂದ್ರರೂ ಮಂಗಳಶ್ಲೋಕವೂ ಹೋಗುತ್ತವೆ, ಕೆಳಗಿನ ಶಾಪಾಶಯವೂ ಹೋಗುತ್ತದೆ. ಅಗಲಕ್ಕಿಂತ ಎಷ್ಟೋ ಪಟ್ಟು ಉದ್ದವಾದ ಓಲೆಗರಿಯಲ್ಲಿ ಎರಡು ತುದಿಗಳೂ, ಅಂಚಿನ ಗರಿಸಂಖ್ಯೆಯೂ ಕಾಣೆಯಾಗುತ್ತವೆ. ಹೀಗೆ ಉಳಿದ ತುಣುಕನ್ನೇ ಪೂರ್ಣಪಾಠವೆಂದು ಭಾವಿಸಿ ಯಾರಾದರೂ ಟಿಪ್ಪಣಿ ಬರೆದರೆ ಅವರನ್ನು ದೂರುವಂತಿಲ್ಲ. ಖಾಲಿ ಅಂಚು ಸೇರಿಸಿಯಾದರೂ ಇಡೀ ಗರಿಯನ್ನು ಚೌಕಟ್ಟಿನೊಳಗೆ ಕೂರಿಸುವುದೇ ಲೇಸು. ನೋಟಕ್ಕೆ ಅಂದ ಕಡಮೆಯಾದರೆ ಆಗಲಿ. ಆ ಖಾಲಿ ಜಾಗದಲ್ಲಿ ಶಾಸನದ ಊರು, ಸಂಪುಟ, ಸಂಖ್ಯೆಗಳನ್ನು ಬರೆಯಲೂ ಬರುತ್ತದೆ.

ಚಿತ್ರವನ್ನು ಸರಿಪಡಿಸಿದ ಮೇಲೂ ಹಳೆಯದೇ ಕಾಣಿಸುವುದುಂಟು. ಫೇಸ್‌ಬುಕ್ ಒಮ್ಮೆ ಓದಿದ ಪುಟದ ನೆನಪನ್ನು ತನ್ನಲ್ಲಿ ಇರಿಸಿಕೊಂಡಿರುವುದೇ ಕಾರಣ. ಅದರ ಶೇರಿಂಗ್ ಡಿಬಗ್ಗರ್‌ನಲ್ಲಿ ವಿಳಾಸ ಕೊಟ್ಟು ಮರಳಿ ಓದಿಸಿದರೆ ಹೊಸ ಚಿತ್ರ ಬರುತ್ತದೆ. ವಾಟ್ಸಾಪ್‌ನಲ್ಲಿ ಈಗಾಗಲೇ ಕಳುಹಿಸಿಯಾದ ಕಿರುಚಿತ್ರ ಮಾತ್ರ ಸಂದೇಶದೊಡನೆಯೇ ಹೊರಟುಹೋಗಿರುತ್ತದೆ. ತುದಿ ಕಳೆದ ಆ ಗರಿ ಗುಂಪಿನಿಂದ ಗುಂಪಿಗೆ ಹಾಗೆಯೇ ಸಾಗುತ್ತಿರುತ್ತದೆ.