ಮಂಜುಗಡ್ಡೆಯೋ, ಹಿಮದ ಹಲಗೆಯೋ?

ಈಚೆಗೆ ಗೋವೆಯ ವಾಸ್ಕೋಗೆ ಹೋದಾಗ ಮಂಗೋರ್ ಹಿಲ್‌ನಲ್ಲಿ ಅಂಗಡಿ ಇಟ್ಟಿರುವ ಬಂಧುಗಳ ಮನೆಯಲ್ಲಿ ಇಳಿದುಕೊಂಡಿದ್ದೆವು. ಅಲ್ಲಿ ಅಕ್ಕ-ತಮ್ಮನ ಜಗಳ. ಅಕ್ಕನಿಗೆ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿಯುವ ಆಸೆ. ತಮ್ಮನಿಗೆ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ನೋಬೋರ್ಡಿಂಗ್. ತಂದೆಯವರದು ಒಂದೇ ಮಾತು: "ಎರಡಕ್ಕೂ ದುಡ್ಡು ಹಾಕಲಾಗದು, ಒಂದನ್ನು ಆರಿಸಿಕೊಳ್ಳಿ." ಕಡೆಗೆ ನಮ್ಮನ್ನೇ ಪಂಚರನ್ನಾಗಿ ಕೂರಿಸಿದರು!

ಸ್ನೋಬೋರ್ಡಿಗೆ ಗುಲ್ಮಾರ್ಗ್, ಔಲಿಯಂಥ ಕಡೆಗೇ ಹೋಗಬೇಕು, ಅದೂ ಚಳಿಗಾಲದಲ್ಲಿ. ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುವುದರಿಂದ ಹೊಸಬರು ಬೀಳುವಾಗ ಕೈಯೂರುತ್ತಾರೆ, ಪೆಟ್ಟು ಮಣಿಕಟ್ಟಿಗೆ. ಅಂಗಡಿ ಬಿಟ್ಟು ವರ್ಷಕ್ಕೊಂದು ವಾರ ಹೋಗಿಬಂದರೆ ಅದು ಪ್ರವಾಸವಾದೀತು, ಹವ್ಯಾಸವಾಗದು.

ಮಂಜುಗಡ್ಡೆಯೂ ದೂರವೇ. ಶಿಮ್ಲಾದ ಬಯಲು ಅಂಗಣ 1920ರದು, ಡೆಹ್ರಾಡೂನಿನ ಒಳಾಂಗಣ 2011ರದು. ಆದರೆ ಒಂದೇ ಸಾಲಿನ ಚಕ್ರಗಳ ಸ್ಕೇಟ್ ಕಟ್ಟಿಕೊಂಡರೆ ಮಂಡಿ ಬಗ್ಗಿಸುವುದು, ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗುವುದು ಮನೆಯ ಹತ್ತಿರವೇ ರೂಢಿಯಾಗುತ್ತದೆ. ನಿಲ್ಲಿಸುವ ಬಗೆಯನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ಕಲಿಯಬೇಕು. ಹಿಮ ಕಾಣದ ಬೆಳಗಾವಿಯ ಮಕ್ಕಳು ಚಕ್ರದ ಸ್ಕೇಟಿಂಗಿನಲ್ಲಿ ಹೆಸರು ಮಾಡಿಲ್ಲವೇ?

ನಮ್ಮ ತೀರ್ಪು ಅಕ್ಕನ ಕಡೆಗಾಯಿತು. ಆದರೆ ಗುಡ್ಡದ ಇಳಿಜಾರು ರಸ್ತೆ ಬೇಡ, ಸಮತಟ್ಟಾದ ನೆಲವೇ ಆಗಬೇಕು. ಅಭ್ಯಾಸ ಬೆಳಗ್ಗೆ ಇರಲಿ. ಸಂಜೆಯಾದರೆ ಸೂರ್ಯಾಸ್ತದೊಳಗಿನ ಊಟ ತಪ್ಪೀತು.

ತಮ್ಮನ ಮುಖ ಬಾಡಿತು. "ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದಾಗ ಮೂಲ್ಕಿಗೂ ಹೋಗೋಣಪ್ಪ, ಅಲ್ಲಿ ಅಲೆಯ ಮೇಲೆ ಹಲಗೆ ಹತ್ತುವುದನ್ನು ಕಲಿಸುತ್ತಾರೆ. ಅಡ್ಡಲಾಗಿ ನಿಲ್ಲುವುದು ಎರಡರಲ್ಲೂ ಒಂದೇ" ಎಂದೆವು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ, "ಮೊದಲು ಇಬ್ಬರಿಗೂ ಈಜು ಕಲಿಸಿ" ಎಂದರು. ಅದು ನಮಗೆ ಹೊಳೆದೇ ಇರಲಿಲ್ಲ.