ಕುಂದ್ರಾಕ ಬೇಕು, ಮುಟ್ಟಾಕ ಬ್ಯಾಡ!

ಹೋದ ಶನಿವಾರ ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಕಾರಿನ ಡ್ರೈವರ್ ಸೀಟು ಬಿಚ್ಚಿ, ಹಳೇ ಚಾಪೆಯ ಮೇಲೆ ಮಗುಚಿ ಹಾಕಿಕೊಂಡು ಕೂತಿದ್ದೆ. ಒಂದು ಕೈಯಲ್ಲಿ ಪಕ್ಕಡ, ಇನ್ನೊಂದು ಕೈಯಲ್ಲಿ ಹೊಸ ಚರ್ಮದ ಕವರು, ಬಾಯಲ್ಲಿ ಎರಡು ರಿಂಗು. ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಇನ್ನೊಬ್ಬ ಕನ್ನಡಿಗರು ವಾಕಿಂಗ್ ಮುಗಿಸಿ ಬಂದರು. ಹುಬ್ಬಳ್ಳಿ ಕಡೆಯವರು, ಹೆಸರು ಬೇಡ ಬಿಡಿ.

"ಏನ್ರೀ ಸಾಹೇಬ್ರ, ಏನ್ ನಡಿಸೀರಿ ಇದು? ಚಪ್ಲಿ ಹೊಲಿಯವ್ರ ಕೆಲಸಾ ಹಚ್ಚೀರಲ್ಲ! ಇದಕ್ಕೆಲ್ಲಾ ಮಂದಿ ಇರ್ತಾರ್ರೀ..."

ನಕ್ಕು ಸುಮ್ಮನಾದೆ. ಬಾಯಲ್ಲಿ ರಿಂಗಿತ್ತಲ್ಲ :-) ಆದರೆ ರಾತ್ರಿ ಊಟಕ್ಕೆ ಕೂತಾಗ ಸಿಟ್ಟು ಬಂತು. ನನಗೆ ಸಿಟ್ಟು ಯಾವಾಗಲೂ ತಡವಾಗಿಯೇ ಬರುತ್ತೆ. ಅದಕ್ಕೇ ಬರೆಯುವ ಚಟ ಅಂಟಿಕೊಂಡಿದ್ದು ಅಂತ ಕಾಣುತ್ತೆ.

ಅವರು ಹೇಳಿದ್ದರಲ್ಲಿ ಎರಡು ಮಾತಿದ್ದವು. ಒಂದು, ಇದು ಕೀಳು ಕೆಲಸ. ಇನ್ನೊಂದು, ಇದು ಬಲ್ಲವರು ಮಾಡುವ ಕೆಲಸ, ನಿನ್ನಂಥವನಿಗೆ ಹೇಳಿದ್ದಲ್ಲ. ಎರಡನೆಯದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಮೊದಲನೆಯದಕ್ಕೆ ಮಾತ್ರ ಕಾಲು ಕೆರೆದು ಜಗಳಕ್ಕೆ ಬರುತ್ತೇನೆ.

ನಾನು ಅಥಣಿ ಕಡೆಯವನು. ಪುಣೆಗೆ ಬಂದು ಇಪ್ಪತ್ತೇಳು ವರ್ಷ, ಮಗರಪಟ್ಟಾದಲ್ಲೇ ಹದಿನೆಂಟಾಯಿತು. ಇಲ್ಲಿಯವರು ಕೊಲ್ಹಾಪುರಿ ಅಂತ ಹೆಮ್ಮೆಯಿಂದ ಮೆಟ್ಟುವ ಚಪ್ಪಲಿಯಲ್ಲಿ ಎಷ್ಟೋ ಜೋಡಿ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಹುಟ್ಟಿದ್ದು. ಜಾಲಿ ತೊಗಟೆ, ಅಳಲೆಕಾಯಿ ನೀರಲ್ಲಿ ಚರ್ಮ ಹದ ಮಾಡಿ, ಗಂಡಸರು ಅಟ್ಟೆ ಕತ್ತರಿಸಿ, ಹೆಂಗಸರು ಜಡೆ ಹೆಣೆದು ಮಾಡುವ ಕೆಲಸ. 2019ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೂ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿಸಿ. ಜೂನ್ 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಶೋದಲ್ಲಿ ಅದೇ ಥರದ ಚಪ್ಪಲಿಯನ್ನು ಊರ ಹೆಸರೂ ಹೇಳದೆ ಮೆರವಣಿಗೆ ಮಾಡಿಸಿತಲ್ಲ, ಆಗ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಎಂಥಾ ರೋಷ! "ನಮ್ಮ ಕಲೆ, ನಮ್ಮ ಪರಂಪರೆ!" ಅತಿ ಹೆಚ್ಚು ಮೆಸೇಜು ಹಾಕಿದವರು ಇದೇ ನಮ್ಮ ಹುಬ್ಬಳ್ಳಿಯವರು. ಮಿಲಾನಿನಲ್ಲಿ ಕಲೆಯಾಗಿದ್ದು ಮಗರಪಟ್ಟಾದ ಪಾರ್ಕಿಂಗ್‌ಗೆ ಬರುವಷ್ಟರಲ್ಲಿ 'ಚಪ್ಲಿ ಹೊಲಿಯವ್ರ ಕೆಲಸ' ಆಗಿಬಿಡ್ತು ನೋಡಿ.

ನಮ್ಮ ಮನೆಯೇನೂ ಕಡಿಮೆಯಿಲ್ಲ. ಚರ್ಮದ ಸುರುಳಿ ತಂದ ದಿನ ಅವ್ವ "ಅದನ್ನ ಒಳಗ ತರಬ್ಯಾಡಪಾ" ಅಂದಳು. ಅವಳ ಕೈಯಲ್ಲಿದ್ದ ಪರ್ಸು ಯಾವುದರದ್ದು ಅಂತ ಕೇಳೋ ಧೈರ್ಯ ಆಗಲಿಲ್ಲ. ಬಸವ ಜಯಂತಿಗೆ ಹರಳಯ್ಯನ ಕಥೆ ಕೇಳಿ ಕಣ್ಣೀರು ಹಾಕುವವಳು ಅವಳು. ತೊಡೆಯ ಚರ್ಮ ಸುಲಿದು ಬಸವಣ್ಣನಿಗೆ ಪಾದುಕೆ ಮಾಡಿದ ಕಥೆ. ಕಥೆಯಲ್ಲಿ ಚರ್ಮಕ್ಕೆ ಮೈಲಿಗೆಯಿಲ್ಲ. ಬಾಲ್ಕನಿಯಲ್ಲಿಟ್ಟ ಎಮ್ಮೆ ಚರ್ಮದ ಸುರುಳಿಗೆ ಮಾತ್ರ ಇದೆ!

(ಪ್ರಾಣಿಯ ಚರ್ಮವೇ ಬೇಡ ಅನ್ನುವವರ ಬಗ್ಗೆ ನನಗೆ ತಕರಾರಿಲ್ಲ. ಅವರು ರೆಕ್ಸಿನ್ ಹಾಕಿಸಿ ರೆಕ್ಸಿನ್ ಅನ್ನಲಿ. ನಿಜ ಹೇಳಬೇಕಂದರೆ ಪುಣೆಯ ಮೇ ತಿಂಗಳಿಗೆ ಬಟ್ಟೆ ಸೀಟೇ ಛಲೋ. ನನ್ನದು ಒಂದು ಹಳೇ ಆಸೆ, ಅಷ್ಟೆ.)

ಇನ್ನು 'ಬಲ್ಲವರ ಕೆಲಸ'ದ ಮಾತು. ನಾನೇನು ಎಲ್ಲವನ್ನೂ ಮನೆಯಲ್ಲಿ ಮಾಡಲಿಲ್ಲ. ಹಳೇ ಕವರನ್ನು ಬಿಚ್ಚಿ, ಹೊಲಿಗೆ ಕಿತ್ತು, ತುಂಡುಗಳಿಗೆ ನಂಬರ್ ಬರೆದುಕೊಂಡು ನಾನಾ ಪೇಟೆಯ ಗಲ್ಲಿಯೊಂದರ ಕುಶನ್ ಕೆಲಸದವರ ಹತ್ತಿರ ಹೋದೆ. ಮನೆಯ ಹೊಲಿಗೆ ಮಷೀನಿಗೆ ಮೂರು ಪದರ ಚರ್ಮ ತೂರುವ ತಾಕತ್ತಿಲ್ಲ. ಆ ಮನುಷ್ಯ ನಾಲ್ಕು ಗಂಟೆಯಲ್ಲಿ ನನಗೆ ಕಲಿಸಿದ್ದನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಬೆನ್ನಿನ ಭಾಗದ ಚರ್ಮ ಬಿಗಿ, ಹೊಟ್ಟೆಯ ಭಾಗ ಜೋತು ಬೀಳುತ್ತೆ, ಹಾಗಾಗಿ ಕೂರುವ ಜಾಗಕ್ಕೆ ಬೆನ್ನಿನದನ್ನೇ ಕತ್ತರಿಸಬೇಕು. ಹತ್ತಿ ದಾರ ಬೇಡ, ಬೆವರಿಗೆ ಕೊಳೆಯುತ್ತೆ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಚರ್ಮಕ್ಕೆ ಒಮ್ಮೆ ಸೂಜಿ ಬಿದ್ದರೆ ತೂತು ಮುಚ್ಚಲ್ಲ, ಬಟ್ಟೆಯ ಹಾಗೆ ಬಿಚ್ಚಿ ಮತ್ತೆ ಹೊಲಿಯಲು ಬರಲ್ಲ.

ಅಸಲಿ-ನಕಲಿ ಗುರುತಿಸೋದನ್ನೂ ಅವರೇ ತೋರಿಸಿದ್ದು. ನೀರಿನ ಹನಿ ಹಾಕಿ ನೋಡು, ಮೂಸಿ ನೋಡು ಅಂತ ಜನ ಹೇಳುತ್ತಾರೆ. ಕಾರಿನ ಚರ್ಮಕ್ಕೆ ಮೇಲೆ ಬಣ್ಣದ ಲೇಪ ಇರೋದರಿಂದ ಅಸಲಿಯೂ ನೀರು ಕುಡಿಯಲ್ಲ, ವಾಸನೆಯನ್ನು ಸೀಸೆಯಿಂದ ಹೊಡೆಯಬಹುದು. ತಿರುಗಿಸಿ ಹಿಂಬದಿ ನೋಡಿ. ನಾರು ನಾರಾಗಿ ಮಖಮಲ್ಲಿನ ಹಾಗಿದ್ದರೆ ಚರ್ಮ. ನೇಯ್ದ ಬಟ್ಟೆ ಕಂಡರೆ ಅದು ಪಿಯು ಅಥವಾ ಪಿವಿಸಿ, ಅಂದರೆ ನಮ್ಮ ಅಜ್ಜನ ಕಾಲದ ರೆಕ್ಸಿನ್ನಿನ ಮೊಮ್ಮಗ. ರೆಕ್ಸಿನ್ ಅನ್ನೋದೇ ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡು, ನಮ್ಮಲ್ಲಿ ವಸ್ತುವಿನ ಹೆಸರೇ ಆಯ್ತು. ಈಗ ಅದಕ್ಕೆ 'ಲೆದರೆಟ್' ಅಂತ ಸೂಟು ಹಾಕಿಸಿದ್ದಾರೆ. ಅಂಗಡಿಯ ಹುಡುಗ ಕೊನೆಯ 'ಎಟ್' ಅನ್ನು ನುಂಗಿ ಹೇಳುತ್ತಾನೆ, ನಾವು ದುಡ್ಡು ಕೊಟ್ಟು ಬರುತ್ತೇವೆ. ಅಗ್ಗದ ಪಿಯು ಆದರೆ ಕೆಲವು ಮಳೆಗಾಲಕ್ಕೆ ಈರುಳ್ಳಿ ಸಿಪ್ಪೆಯ ಹಾಗೆ ಏಳೋಕೆ ಶುರುವಾಗುತ್ತೆ.

ಕವರು ಹೊಲಿದು ಬಂದ ಮೇಲಿನ ಕೆಲಸ ಮಾತ್ರ ನನ್ನದು. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಚಹಾ ಕುಡಿಯೋಷ್ಟು ಹೊತ್ತು ಸುಮ್ಮನೆ ಕೂಡಬೇಕು. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟಿನ ಸರ್ಕೀಟು, ಅದರ ಜೊತೆ ಆಟ ಬೇಡ. ಸೀಟು ಹೊರಗಿದ್ದಾಗ ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡು ಸರ್ವಿಸ್ ಸೆಂಟರಿಗೆ ಓಡಬೇಕಾಗುತ್ತೆ. ನಾಲ್ಕು ಬೋಲ್ಟು ತೆಗೆದು ಸೀಟು ಇಳಿಸಿದರೆ ಕೆಳಗೆ ಕವರನ್ನು ಹಿಡಿದ ಪ್ಲಾಸ್ಟಿಕ್ ಕ್ಲಿಪ್ಪು, ಒಳಗೆ ಫೋಮಿನ ಕಾಲುವೆಯಲ್ಲಿ ಹುದುಗಿದ ತಂತಿಗೆ ಕಟ್ಟಿದ ಹಾಗ್ ರಿಂಗು. ಹಂದಿಗಳು ನೆಲ ಕೆದರದಿರಲಿ ಅಂತ ಮೂಗಿಗೆ ಚುಚ್ಚುತ್ತಿದ್ದ ರಿಂಗೇ ಇದರ ಮೂಲ! ಹಳೇ ರಿಂಗು ಕತ್ತರಿಸಿ, ಅದೇ ತಂತಿಗೆ ಹೊಸ ಕವರನ್ನು ಹೊಸ ರಿಂಗಿನಿಂದ ನಡುವಿನಿಂದ ಶುರುಮಾಡಿ ಅಂಚಿಗೆ ಬರಬೇಕು. ಅಂಚಿನಿಂದ ಶುರುಮಾಡಿದವನು ನಾನು, ಮೊದಲ ಸೀಟಿಗೆ ಆರು ಗಂಟೆ ಹಿಡೀತು, ಎರಡು ಸಲ ಬಿಚ್ಚಿದೆ. ಎರಡನೆಯದಕ್ಕೆ ಮೂರು ಗಂಟೆ. ಕವರನ್ನು ಮೊದಲೇ ಬಿಸಿಲಿಗಿಟ್ಟರೆ ಮೆತ್ತಗಾಗುತ್ತೆ, ಮೂಲೆಗಳಿಗೆ ಮನೆಯಾಕೆಯ ಹೇರ್ ಡ್ರೈಯರ್ ಇದ್ದೇ ಇದೆ. ಬೋಲ್ಟುಗಳನ್ನು ಮತ್ತೆ ಹಾಕುವಾಗ ಅಂದಾಜಿಗೆ ತಿರುಗಿಸದೆ ಟಾರ್ಕ್ ಪಾನಾ ಬಾಡಿಗೆಗೆ ತಂದೆ. ಡಿಕ್ಕಿಯಾದಾಗ ಮನುಷ್ಯನ ಸಮೇತ ಸೀಟನ್ನು ಹಿಡಿದಿಡೋದು ಅವೇ ನಾಲ್ಕು.

ನನ್ನ ಕಾರು 2012ರದ್ದು, ಅದರ ಸೀಟಿನಲ್ಲಿ ಏರ್‌ಬ್ಯಾಗ್ ಇಲ್ಲ. ಇದ್ದಿದ್ದರೆ ಬೆನ್ನಿನ ಭಾಗವನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಅರ್ಧ ಒಪ್ಪುತ್ತೇನೆ ಅಂದಿದ್ದು ಇದಕ್ಕೇ.

ಭಾನುವಾರ ಅವರು ಮತ್ತೆ ಬಂದರು, ಈ ಸಲ ಹೊಸ ಗಾಡಿ ತೋರಿಸೋಕೆ. ಆರು ಏರ್‌ಬ್ಯಾಗಿನದು. "ನೋಡ್ರಿ, ಪ್ಯೂರ್ ಲೆದರ್. ಗಾಡಿ ಕೊಡೋ ಮುಂದ ಅವರ ಮಂದೀನ ಹಾಕಿ ಕೊಟ್ಟಾರ." ಅಂಚು ಮಗುಚಿದೆ, ಬಲೆಬಟ್ಟೆ ಕಂಡಿತು. ಅದು ಹೋಗಲಿ. ಡ್ರೈವರ್ ಸೀಟಿನ ಬಾಗಿಲ ಕಡೆಯ ಪಕ್ಕಕ್ಕೆ ಕೈಯಾಡಿಸಿದೆ. ಏರ್‌ಬ್ಯಾಗ್ ಅಂತ ಬರೆದ ಚಿಕ್ಕ ಪಟ್ಟಿ ಇರಬೇಕಾದ ಜಾಗದ ಮೇಲೆ ದಪ್ಪ ಫೋಮಿನ ಕವರು, ಜೋಡಿ ಹೊಲಿಗೆ, ಗಟ್ಟಿಯಾಗಿ ಎಳೆದು ಕಟ್ಟಿದ್ದಾರೆ! ಕಂಪನಿಯವರು ಆ ಪಕ್ಕದ ಹೊಲಿಗೆಯನ್ನು ಬೇಕಂತಲೇ ಹರಿಯುವ ಹಾಗೆ ಮಾಡಿರುತ್ತಾರೆ. ಪಕ್ಕದಿಂದ ಗಾಡಿ ಗುದ್ದಿದರೆ ಕಣ್ಣು ಮಿಟುಕಿಸೋದರೊಳಗೆ ಚೀಲ ಅದನ್ನು ಹರಿದುಕೊಂಡು ಹೊರಗೆ ಬರಬೇಕು. ಮೇಲೊಂದು ಗೋಣಿಚೀಲ ಬಿಗಿದರೆ ಎಲ್ಲಿಂದ ಬರುತ್ತೆ?

"ಶೋರೂಮ್‌ನವರಿಗೆ ಗೊತ್ತಿರಂಗಿಲ್ಲೇನ್ರೀ?" ಅಂದರು.

ಗಾಡಿಯ ಜೊತೆ ಬಂದ ಪುಸ್ತಕ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ತೆಗೆದು ಪುಟ ಹುಡುಕಿ ತೋರಿಸಿದೆ. ಸೀಟಿನ ಪಕ್ಕದ ಏರ್‌ಬ್ಯಾಗನ್ನು ತಡೆಯುವಂಥ ಕವರು ಹಾಕಬೇಡಿ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಅವರು ಓದಿದರು, ಏನೂ ಹೇಳಲಿಲ್ಲ. ಅಂಗಡಿಗಳಲ್ಲಿ 'ಏರ್‌ಬ್ಯಾಗ್ ಕಂಪ್ಯಾಟಿಬಲ್' ಅಂತ ಚೀಟಿ ಅಂಟಿಸಿದ ಕವರೂ ಸಿಗುತ್ತೆ. ಚೀಟಿಯನ್ನು ನಂಬಬೇಡಿ, ಆ ಪಕ್ಕ ತೆರೆದಿದೆಯೋ, ಇಲ್ಲವಾದರೆ ಅಲ್ಲಿನ ಹೊಲಿಗೆ ಬೇರೆ ದಾರದ್ದೋ ಅಂತ ಬೆರಳಿಟ್ಟು ನೋಡಿ. ಗೊತ್ತಾಗದಿದ್ದರೆ ಬೇಡ ಅನ್ನಿ.

ನನ್ನ ಜಗಳ ಇರೋದು ಇಲ್ಲೇ. 'ಅದಕ್ಕೆಲ್ಲಾ ಮಂದಿ ಇರ್ತಾರೆ' ಅನ್ನುವವನು ಆ ಮಂದಿ ಏನು ಮಾಡಿದರು ಅಂತ ಬಗ್ಗಿ ನೋಡಲ್ಲ. ಕೈಕೆಲಸ ಕೀಳು ಅಂತ ತಿಳಿದವನಿಗೆ ಒಳ್ಳೆಯ ಹೊಲಿಗೆ ಯಾವುದು, ಕೆಟ್ಟದ್ದು ಯಾವುದು ಗೊತ್ತಾಗೋದಾದರೂ ಹೇಗೆ? ನಾನಾ ಪೇಟೆಯ ಆ ಕುಶನ್ ಕೆಲಸದವರನ್ನು "ಇಷ್ಟಕ್ಕೆ ಇಷ್ಟು ದುಡ್ಡಾ" ಅಂತ ಚೌಕಾಸಿ ಮಾಡುವವರೇ, ಎಸಿ ಶೋರೂಮಿನಲ್ಲಿ ಮೂರು ಪಟ್ಟು ಕೊಟ್ಟು ಅಪಾಯವನ್ನು ಮನೆಗೆ ತರುತ್ತಾರೆ. ನಾವಿರುವ ಈ ಮಗರಪಟ್ಟಾ ಹೇಗೆ ಎದ್ದಿತು ಅಂತಾದರೂ ನೆನಪಿಸಿಕೊಳ್ಳಬೇಡವೇ? ಹಡಪ್ಸರದ ಸುಮಾರು 120 ರೈತ ಕುಟುಂಬಗಳು ನಾನೂರು ಎಕರೆಗೂ ಮೀರಿದ ಹೊಲವನ್ನು ಬಿಲ್ಡರಿಗೆ ಮಾರಿ ಕೈತೊಳೆದುಕೊಳ್ಳದೆ, ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ಒಟ್ಟುಗೂಡಿಸಿ ತಾವೇ ಕಂಪನಿ ಕಟ್ಟಿ ಊರು ಮಾಡಿದರು. ಅವರಿಗೂ ಯಾರೋ ಹೇಳಿರಬೇಕು, "ಇದಕ್ಕೆಲ್ಲಾ ಮಂದಿ ಇರ್ತಾರ್ರೀ" ಅಂತ.

ನಿನ್ನೆ ಸಂಜೆ ಬಾಗಿಲು ಬಡಿದ ಸದ್ದು. ನೋಡಿದರೆ ಅವರ ಮಗಳು, ಈಗಷ್ಟೇ ಗಾಡಿ ಓಡಿಸೋಕೆ ಕಲೀತಿದ್ದಾಳೆ.

"ಕಾಕಾ, ಟಾರ್ಚ್ ಕೊಡ್ರಿ ಸ್ವಲ್ಪ. ಸೀಟಿನ ಕೆಳಗ ಹುಕ್ಕು ಕಾಣವಲ್ದು."

ಕೊಟ್ಟೆ. ಹಳದಿ ವೈರನ್ನ ಎಳೀಬ್ಯಾಡ, ಮೊದಲು ಹೆಡ್‌ರೆಸ್ಟ್ ತೆಗಿ ಅಂದೆ. ಕೆಳಗಿಳಿದು ನೋಡಿದರೆ ಅಪ್ಪ ಗಾಡಿಯಿಂದ ನಾಲ್ಕು ಹೆಜ್ಜೆ ದೂರ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.